ಬೀಸದ ಹಳದಿ ಬಾವುಟ

ಹಮೀದ್, ಆ ದಿನ ರಸ್ತೆಯ ತಿರುವಿಗೆ ನೀರು ಹಾಯಿಸಿದವನು ನಾನು. ಪೈಪಿನ ಜಾಯಿಂಟು ತಾನಾಗಿ ಬಿಟ್ಟದ್ದಲ್ಲ. ಹಳದಿ ಬಾವುಟ ಬೀಸಿದೆ ಎಂದು ನಿನಗೆ ಹೇಳಿದ್ದೂ ಸುಳ್ಳು. ಬಾವುಟ ನನ್ನ ಕೈಯಲ್ಲಿತ್ತು, ಕಾರು ಏರು ಹತ್ತುವ ಶಬ್ದ ಕೇಳುತ್ತಿತ್ತು, ಬೀಸುವುದಕ್ಕೆ ಸಮಯವೂ ಇತ್ತು. ಆದರೂ ನಾನು ಬೀಸಲಿಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವನು ನೀನು. ನಾನು ಎದುರಿನ ಬೆಂಚಿನಲ್ಲಿ ಕುಳಿತು ನೋಡಿದೆ.

ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ನಿನ್ನ ಟಯರ್ ಅಂಗಡಿಯಿಂದಲೇ ಹೇಳಬೇಕು. ಮುಳ್ಳೇರಿಯದ ಬಸ್ಸು ತಿರುಗುವ ಜಾಗದ ಪಕ್ಕ, ಗಾಳಿ ಹಾಕುವ ಯಂತ್ರದ ಮೇಲೆ ನೀನು ಇಟ್ಟಿದ್ದ ಸಣ್ಣ ಟೀವಿ. ಸಂಜೆ ಅದರಲ್ಲಿ ವಿದೇಶದ ಕಾರು ರ‍್ಯಾಲಿಯ ತುಣುಕುಗಳು ಬಂದರೆ ಸಾಕು, ಆಟೋದವರು, ಜೀಪಿನವರು, ಬಸ್ಸಿಗೆ ಕಾಯುವವರು ಎಲ್ಲ ಒಳಗೆ. ದೇಲಂಪಾಡಿಯ ಏರಿನಲ್ಲಿ ಜೀಪು ಹತ್ತಿಸುವವರಂತೂ ವಿಶ್ವ ಚಾಂಪಿಯನ್ನನನ್ನೂ ಬಿಡುತ್ತಿರಲಿಲ್ಲ. 'ಒಂದು ಮಳೆಗಾಲ ಇಲ್ಲಿಗೆ ಬರ್ಲಿ ಅವ, ಆಮೇಲೆ ಮಾತಾಡುವ' ಎನ್ನುತ್ತಿದ್ದರು. ಆ ಜಗಳ ಎಷ್ಟು ಚಂದ ಇತ್ತು ಹಮೀದ್. ಈಗ ಅದನ್ನು ನೆನೆಯಲಿಕ್ಕೂ ನನಗೆ ಹಕ್ಕಿಲ್ಲ.

ನಮ್ಮದು ಎರಡು ಪಕ್ಷ. ನಿನ್ನದು ಟೀವಿಯಲ್ಲಿ ಬರುತ್ತಿದ್ದ ಆ ಫ್ರಾನ್ಸಿನ ಡ್ರೈವರನ ಪಕ್ಷ — ಗೆರೆ ಎಳೆದ ಹಾಗೆ ಓಡಿಸುವವನು. ನನಗೆ ಕಾರು ಅಡ್ಡ ಹೋಗಬೇಕು, ಹಿಂಭಾಗ ಬೀಸಬೇಕು, ಧೂಳು ಮರದ ತುದಿಗೆ ಏರಬೇಕು. ನೀನು ಕಬ್ಬಿಣದ ಸರಳನ್ನು ಟಯರಿಗೆ ಸಿಕ್ಕಿಸುತ್ತಲೇ ಹೇಳುತ್ತಿದ್ದೆ: 'ಅಡ್ಡ ಹೋದಷ್ಟು ಹೊತ್ತು ಮುಂದೆ ಹೋಗ್ಲಿಲ್ಲ ಅಂತ ಅರ್ಥ ಮಾರಾಯ.' ಅದಕ್ಕೆ ನಾನು ಸ್ವರ ಎತ್ತರಿಸುತ್ತಿದ್ದೆ. ದೊಡ್ಡ ದೊಡ್ಡ ಕಾರು ಕಂಪೆನಿಗಳು ಒಂದೊಂದಾಗಿ ಆಟ ಬಿಟ್ಟುಹೋದಾಗ, ಇನ್ನು ರ‍್ಯಾಲಿಯ ಕಥೆ ಮುಗಿಯಿತು ಎಂದವನು ನಾನು. ನೀನು ಒಪ್ಪಲಿಲ್ಲ. ಕಂಪೆನಿ ಹೋದರೆ ಹೋಗಲಿ, ಸಣ್ಣ ಕಾರಿನಲ್ಲಿ ನಮ್ಮ ಕಡೆಯವರೇ ಈ ಆಟ ಉಳಿಸುತ್ತಾರೆ ಎಂದೆ. ಸುಳ್ಯದ ನಿತಿನನ ಹೆಸರು ನಮ್ಮ ಜಗಳದೊಳಗೆ ಬಂದದ್ದು ಹಾಗೆ.

ನಿತಿನ್ ನಮ್ಮ ರಾಜ್ಯದ ಗಡಿಯ ಆಚೆಯವನು. ಸಣ್ಣ ಪುಟ್ಟ ರ‍್ಯಾಲಿಗಳಲ್ಲಿ ಗೆಲ್ಲುತ್ತಿದ್ದವನು, ಥೇಟ್ ನಿನ್ನ ಫ್ರಾನ್ಸಿನವನ ಹಾಗೆ ಅಚ್ಚುಕಟ್ಟು. ಒಣ ರಸ್ತೆಯಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ, ರಸ್ತೆ ಒದ್ದೆಯಾದರೆ ಇವನ ಬಂಡವಾಳ ಗೊತ್ತಾಗುತ್ತದೆ ಎಂದು ನಾನು ಒಂದು ದಿನ ಪಟ್ಟು ಹಿಡಿದೆ. ನೀನು ನಕ್ಕೆ. ಅಂಗಡಿ ತುಂಬ ಜನ ಇದ್ದರು. 'ಶ್ರೀಧರಾ, ನಿನಗೆ ಬಾಯಿ ಮಾತ್ರ ನಾಲ್ಕು ಚಕ್ರದಲ್ಲಿ ಓಡುದು. ಸ್ಟೇರಿಂಗ್ ಹಿಡಿದವನ ವಿಷಯ ನಿನಗೆಂತ ಗೊತ್ತುಂಟು?'

ಎಲ್ಲರೂ ನಕ್ಕರು. ನಾನೂ ನಕ್ಕೆ. ತಮಾಷೆ, ಅಷ್ಟೇ — ದಿನವೂ ಇದಕ್ಕಿಂತ ಖಾರವಾದದ್ದನ್ನು ಹೇಳಿಕೊಂಡವರು ನಾವು. ಆದರೆ ಅದು ಅಂದು ನನ್ನೊಳಗೆ ಮುಳ್ಳಿನ ಹಾಗೆ ಕುಳಿತುಬಿಟ್ಟಿತು. ಯಾಕೆ ಎಂದು ಈಗಲೂ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಅದರಿಂದ ಏನು ಕಡಿಮೆಯಾಗುತ್ತದೆ?

ಆ ಬೇಸಗೆಯಲ್ಲಿ ರ‍್ಯಾಲಿ ನಮ್ಮಲ್ಲಿಗೇ ಬಂತು. ಅಡೂರಿನಿಂದ ಮೇಲೆ, ಗೇರುಗುಡ್ಡೆಯ ನಡುವಿನ ಮಣ್ಣಿನ ರಸ್ತೆ. ಅದರ ಅತಿ ಕೆಟ್ಟ ತಿರುವು ನನ್ನ ತೋಟದ ಬೇಲಿಗೆ ತಾಗಿಕೊಂಡೇ ಇತ್ತು. ಏರು ಮುಗಿಯುವವರೆಗೆ ಕಾಣದ, ಮುಗಿದ ಕೂಡಲೇ ಬಲಕ್ಕೆ ತಿರುಗುವ ಜಾಗ. ಎಡಕ್ಕೆ ಮುರಕಲ್ಲಿನ ಗೋಡೆ. ಅಪಾಯ ಎಂದು ಅಲ್ಲಿಗೆ ಪ್ರೇಕ್ಷಕರನ್ನು ಬಿಡಲಿಲ್ಲ. ಮಾರ್ಷಲ್ ಆಗಿ, ಅಂದರೆ ಬಾವುಟ ಹಿಡಿದು ರಸ್ತೆ ಕಾಯುವವನಾಗಿ, ನಿನ್ನನ್ನು ನಿಲ್ಲಿಸಿದರು. ರಸ್ತೆಯಲ್ಲಿ ಕಲ್ಲು ಬಿದ್ದರೆ, ನೀರು ಬಂದರೆ, ದನ ನುಗ್ಗಿದರೆ ಹಳದಿ ಬಾವುಟ ಬೀಸಬೇಕು. ಅದನ್ನು ಕಂಡ ಕೂಡಲೇ ಡ್ರೈವರ್ ವೇಗ ಇಳಿಸುತ್ತಾನೆ. ಅಂಗಡಿ ಮುಚ್ಚಿ, ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಂದಿದ್ದೆ ನೀನು. ನಾನು ತೋಟದ ಮಾಲೀಕ, ಆದ್ದರಿಂದ ನಾನೊಬ್ಬ ನಿನ್ನ ಜೊತೆಗೆ.

ಬೆಳಗ್ಗಿನ ಓಟ ಮುಗಿಯಿತು. ನಿತಿನ್ ಎಲ್ಲರಿಗಿಂತ ಮುಂದೆ. ಹಾಗಾಗಿ ಮಧ್ಯಾಹ್ನದ ಓಟದಲ್ಲಿ ನಮ್ಮ ತಿರುವಿಗೆ ಮೊದಲು ಬರುವವನು ಅವನೇ. ನೀನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದೆ. ಆಗ ನಾನೇ ನಮಾಜಿನ ವಿಷಯ ತೆಗೆದೆ. 'ಡ್ಯೂಟಿ ಮುಗಿದ ಮೇಲೆ ಮಾಡ್ತೇನೆ, ಹೊತ್ತುಂಟು' ಎಂದೆ ನೀನು. ನಾನು ಬಿಡಲಿಲ್ಲ. 'ಕಾರು ಬರ್ಲಿಕ್ಕೆ ತುಂಬ ಹೊತ್ತುಂಟು ಮಾರಾಯ. ಮನೆಗೆ ಹೋಗಿ ಮುಗಿಸಿ ಬಾ. ಫ್ಲ್ಯಾಗ್ ಇಲ್ಲಿ ಕೊಡು, ನಾನಿಲ್ವಾ?'

ನಾನಿಲ್ವಾ — ಈ ಮಾತನ್ನು ನಾನು ಆಮೇಲೆ ಯಾರಿಗೂ ಹೇಳಿಲ್ಲ.

ನೀನು ತೋಟ ಇಳಿದು ನನ್ನ ಮನೆಗೆ ಹೋದೆ. ನನ್ನ ಅಮ್ಮ ನಿನಗೆಂದೇ ಒಂದು ಚಾಪೆಯನ್ನು ಬೇರೆ ಇಟ್ಟಿದ್ದರು. ಬಾವಿಕಟ್ಟೆಯಲ್ಲಿ ಕೈಕಾಲಿಗೆ ನೀರು ಕೊಟ್ಟು ಜಗಲಿಯಲ್ಲಿ ಅದನ್ನು ಹಾಸಿಕೊಟ್ಟರಂತೆ. ನೀನು ನನ್ನ ಜಗಲಿಯಲ್ಲಿ ತಲೆ ಬಾಗಿಸಿದ್ದಾಗ ನಾನು ಬೇಲಿಯ ಬದಿಯಲ್ಲಿ ಸ್ಪ್ರಿಂಕ್ಲರಿನ ಮೂತಿಯನ್ನು ರಸ್ತೆಯ ಕಡೆ ತಿರುಗಿಸಿ ವಾಲ್ವ್ ತೆರೆದೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರು, ಪಂಪಿನ ಶಬ್ದವೂ ಇಲ್ಲ. ಹಿಟ್ಟಿನಂತಿದ್ದ ಆ ಕೆಂಪು ಧೂಳಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆ? ಹುಟ್ಟಿದಂದಿನಿಂದ ಆ ರಸ್ತೆಯಲ್ಲಿ ಜಾರಿ ಬಿದ್ದವನು ನಾನು. ಮೇಲಿನ ಪದರ ನುಣ್ಣಗಾಗುವಷ್ಟು ಬಿಟ್ಟು ವಾಲ್ವ್ ಮುಚ್ಚಿದೆ.

ಕಾರು ಸ್ವಲ್ಪ ಜಾರಬೇಕು, ಅವನು ಸ್ವಲ್ಪ ಹೊತ್ತು ಕಳೆದುಕೊಳ್ಳಬೇಕು, ಸಂಜೆ ಅಂಗಡಿಯಲ್ಲಿ ನಾನು ಗೆಲ್ಲಬೇಕು — ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಒಂದು ವಾದ ಗೆಲ್ಲುವುದಕ್ಕೆ.

ಕಾರಿನ ಸದ್ದು ಕೇಳಿತು. ಕೈ ಏಳಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಎತ್ತಬಹುದಾಗಿತ್ತು, ಎತ್ತಲಿಲ್ಲ. ಏರಿನ ತುದಿಯಲ್ಲಿ ಕಾರಿನ ಮೂತಿ ಕಂಡಾಗಲೂ ನನ್ನ ಮನಸ್ಸಿನಲ್ಲಿ ಹೆದರಿಕೆಗಿಂತ ಕುತೂಹಲವೇ ಹೆಚ್ಚಿತ್ತು. ಕಾರು ತಿರುಗಲೇ ಇಲ್ಲ. ಹಾಗೇ ಎಡಕ್ಕೆ ಹೋಗಿ ಗೋಡೆಗೆ ಬಡಿಯಿತು. ಆ ಬದಿಯಲ್ಲಿ ಕುಳಿತಿದ್ದವರು ಪ್ರಸಾದ್ — ನಿತಿನನಿಗೆ ದಾರಿ ಓದಿ ಹೇಳುತ್ತಿದ್ದ ಅವನ ಭಾವ.

ನೀನು ತೋಟದ ಮೆಟ್ಟಿಲು ಹತ್ತಿ ಓಡಿ ಬಂದೆ. ಬಾಗಿಲು ಮುರಿದವನು ನೀನು, ಬೆಲ್ಟ್ ಕುಯ್ದವನು ನೀನು, ಸದ್ದು ಕೇಳಿ ಓಡಿ ಬಂದವರಿಗೆ 'ಅಲ್ಲಾಡಿಸ್ಬೇಡಿ, ಬೆನ್ನು ಹಿಡೀರಿ' ಎಂದು ಕೂಗಿದವನೂ ನೀನು. ನಾನೆಲ್ಲಿದ್ದೆ ಎಂದು ನೀನು ಕೇಳಲಿಲ್ಲ. ನಾನು ಬೇಲಿಯ ಆಚೆ ಇದ್ದೆ ಹಮೀದ್. ಅಲ್ಲಿ ಒಬ್ಬ ಮನುಷ್ಯ ನರಳುತ್ತಿರುವಾಗ ನಾನು ಸ್ಪ್ರಿಂಕ್ಲರನ್ನು ಮೊದಲಿನಂತೆ ತಿರುಗಿಸಿ, ವಾಲ್ವಿನ ಮೇಲಿನ ಜಾಯಿಂಟನ್ನು ಕೈಯಾರೆ ಕಿತ್ತೆ. ತೋಟ ಇದ್ದವರೆಲ್ಲರಿಗೂ ಗೊತ್ತು, ಬಿಸಿಲಿಗೆ ಜಾಯಿಂಟು ಬಿಡುತ್ತದೆ. ಯಾರೂ ಅನುಮಾನಿಸುವುದಿಲ್ಲ. ಯಾರೂ ಅನುಮಾನಿಸಲಿಲ್ಲ.

ಆಸ್ಪತ್ರೆಯ ಹೊರಗೆ ನೀನು ನನ್ನನ್ನು ಬದಿಗೆ ಕರೆದೆ. ಅಂಗಿಯ ತುಂಬ ರಕ್ತ. ಕೇಳಿದ್ದು ಒಂದೇ ಮಾತು.

'ನೀನು ಫ್ಲ್ಯಾಗ್ ಬೀಸಿದ್ದಿಯಾ?'

'ಬೀಸಿದೆ ಮಾರಾಯ. ಅವನಿಗೆ ಕಾಣ್ಲಿಲ್ಲ.'

ನೀನು ನನ್ನ ಭುಜ ತಟ್ಟಿದೆ. 'ಎಲ್ಲಿ ನಿಂತು ಬೀಸ್ಬೇಕು ಅಂತ ನಿನಗೆ ನಾನು ಹೇಳಿಕೊಡ್ಬೇಕಿತ್ತು, ತಪ್ಪು ನನ್ನದು' ಎಂದೆ. ವಿಚಾರಣೆಯಲ್ಲಿಯೂ ಅದನ್ನೇ ಹೇಳಿದೆ, ನನ್ನ ಹೆಸರನ್ನು ಮಾತ್ರ ಬಿಟ್ಟು: 'ಫ್ಲ್ಯಾಗ್ ನನ್ನ ಜವಾಬ್ದಾರಿ. ನಾನು ಅಲ್ಲಿ ಇರ್ಲಿಲ್ಲ.' ನನಗೆ ತೊಂದರೆಯಾಗಬಾರದೆಂದು ನೀನು ನನ್ನನ್ನು ಉಳಿಸಿದೆ. ನಾನು ಉಳಿದುಕೊಂಡೆ.

ಪ್ರಸಾದರು ಮತ್ತೆ ನಡೆಯಲಿಲ್ಲ. ನಿತಿನ್ ಕಾರು ಮಾರಿದ. ನಮ್ಮ ಗುಡ್ಡೆಗೆ ರ‍್ಯಾಲಿ ಇನ್ನೊಮ್ಮೆ ಬರಲಿಲ್ಲ. ಮತ್ತೆ ಊರಿನ ಎಲುಬಿಲ್ಲದ ನಾಲಿಗೆ — ಅದು ನಿನ್ನನ್ನು ಹೇಗೆ ಹರಿದು ತಿಂದಿತು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ನಾನು ಅಲ್ಲೇ ಕುಳಿತು ಕೇಳಿದವನು. 'ಡ್ಯೂಟಿ ಬಿಟ್ಟು ನಮಾಜಿಗೆ ಹೋದ ಅಲ್ವಾ ಅವ? ಅವರಿಗೆ ಅದೇ ಮುಖ್ಯ' ಎಂದು ಹೋಟೆಲಿನಲ್ಲಿ ಒಬ್ಬ ಹೇಳಿದ. 'ಡ್ಯೂಟಿ ಮುಗಿದ ಮೇಲೆ ಮಾಡ್ತೇನೆ' ಎಂದು ನೀನು ಹೇಳಿದ್ದು ನನಗೊಬ್ಬನಿಗೆ ಗೊತ್ತಿತ್ತು. ಬಾಯಿ ತೆರೆದರೆ ಒಂದು ವಾಕ್ಯ ಸಾಕಿತ್ತು. ನಾನು ಚಹಾ ಕುಡಿಯುತ್ತ ತಲೆಯಾಡಿಸಿದೆ. ನೀರು ಬಿಟ್ಟದ್ದಕ್ಕೆ ಮೂರ್ಖತನ ಎಂದಾದರೂ ಹೆಸರಿಡಬಹುದು. ಆ ತಲೆಯಾಡಿಸಿದ್ದಕ್ಕೆ ಯಾವ ಹೆಸರೂ ಇಲ್ಲ. ಅಂಗಡಿಗೆ ಜನ ಕಡಿಮೆಯಾದರು, ನೀನು ಅದನ್ನು ಮುಚ್ಚಿ ಗಲ್ಫಿಗೆ ಹೋದೆ. ನಾನು ಬಸ್ಸಿನವರೆಗೆ ಬಂದು ಕೈಬೀಸಿದೆ.

ಅಂಗಡಿಯ ಹಳಬರೆಲ್ಲ ಈಗ ಒಂದು ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಇನ್ನು ಕರೆಂಟಿನ ಕಾರು ಬಂದರೆ ರ‍್ಯಾಲಿಗೆ ಭವಿಷ್ಯ ಉಂಟಾ, ಶಬ್ದ ಇಲ್ಲದ ರ‍್ಯಾಲಿ ಎಂತ ರ‍್ಯಾಲಿ ಎಂದು ಮೊನ್ನೆ ಜಗಳ ಏರಿತ್ತು. ಅದರ ನಡುವೆ ಒಬ್ಬ ಬರೆದ: 'ನಮ್ಮಲ್ಲಿ ರ‍್ಯಾಲಿಯನ್ನು ಕೊಂದದ್ದು ಕರೆಂಟಲ್ಲ, ಒಬ್ಬ ಮಾರ್ಷಲ್.' ಕೆಳಗೆ ನಗುವ ಮುಖಗಳ ಸಾಲು. ನೀನೂ ಅದೇ ಗುಂಪಿನಲ್ಲಿದ್ದೆ. ಆ ಹೊತ್ತಿಗೇ ಗುಂಪನ್ನು ಬಿಟ್ಟು ಹೋದೆ.

ಕಳೆದ ವಾರ ನಿನ್ನ ಮಗಳ ಮದುವೆ. ನೀನು ರಜೆಯಲ್ಲಿ ಬಂದಿದ್ದೆ, ಗಡ್ಡ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದು ಅಳಿಯನ ಹತ್ತಿರ ಕರೆದುಕೊಂಡು ಹೋದೆ. 'ಇವ ಶ್ರೀಧರ. ಅವತ್ತು ನಾನಿಲ್ಲದ ಹೊತ್ತಿಗೆ ಫ್ಲ್ಯಾಗ್ ಬೀಸಿದವ. ಎಲ್ಲರೂ ನನ್ನನ್ನು ಬಿಟ್ಟರೂ ಇವ ಬಿಡ್ಲಿಲ್ಲ.' ಬಿರಿಯಾನಿಯ ತಟ್ಟೆಯ ಮುಂದೆ ಕುಳಿತೆ, ಮುಟ್ಟದೆ ಎದ್ದೆ. ಅಲ್ಲೇ ನಿನಗೆ ಹೇಳುವ ಧೈರ್ಯ ನನಗಿರಲಿಲ್ಲ. ಮರುದಿನ ಬಸ್ಸು ಹಿಡಿದು ಸುಳ್ಯಕ್ಕೆ ಹೋದೆ, ಪ್ರಸಾದರ ಮನೆಗೆ.

ಅವರು ಗಾಲಿಕುರ್ಚಿಯಲ್ಲಿ ಕುಳಿತು ನೆರೆಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಕ್ಕಳನ್ನು ಕಳಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ — ಬೈದರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

'ಹಮೀದನಿಗೆ ಗೊತ್ತುಂಟಾ ಇದು?'

'ಇಲ್ಲ.'

'ಅವ ಊರಿಗೆ ಬಂದಾಗಲೆಲ್ಲ ಇಲ್ಲಿಗೆ ಬರ್ತಾನೆ. ನೆಲದಲ್ಲಿ ಕೂತು ನನ್ನ ಕಾಲು ಹಿಡ್ಕೊಳ್ತಾನೆ. ಅವ ಮುಟ್ಟಿದ್ದು ನನಗೆ ಗೊತ್ತಾಗುದಿಲ್ಲ, ಬಗ್ಗಿ ನೋಡಿಯೇ ತಿಳೀಬೇಕು. ಕ್ಷಮಿಸಿದ್ದೇನೆ ಅಂತ ಪ್ರತಿ ಸಲ ಹೇಳಿ ಕಳಿಸ್ತೇನೆ.' ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಹೇಳಿದರು: 'ನಿಮಗೆ ಕೊಡ್ಲಿಕ್ಕೆ ನನ್ನ ಹತ್ರ ಎಂತದೂ ಉಳಿದಿಲ್ಲ. ಎದ್ದು ಹೋಗಿ.'

ನಾನು ಎದ್ದು ಬಂದೆ. ನೀನು ಅವರ ಮನೆಗೆ ಹೋಗುತ್ತೀ ಎಂದು ನನಗೆ ಗೊತ್ತಿರಲಿಲ್ಲ ಹಮೀದ್. ನೀನು ಹೇಳಿಯೇ ಇರಲಿಲ್ಲ.

ನಾಳೆ ಬೆಳಗ್ಗೆ ನಿನ್ನ ಮನೆಗೆ ಬರುತ್ತೇನೆ. ಇದನ್ನು ನಾನೇ ಓದಿ ಹೇಳುತ್ತೇನೆ, ಆಮೇಲೆ ನಮ್ಮ ಗುಂಪಿನವರಿಗೂ ಹೋಟೆಲಿನವರಿಗೂ ಓದಿ ಹೇಳುತ್ತೇನೆ, ಬೇಕಾದರೆ ಪೊಲೀಸರ ಎದುರಿನಲ್ಲೂ. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಬಾಗಿಲು ತೆರೆಯದಿದ್ದರೆ ನಿನ್ನ ಅಂಗಳದಲ್ಲೇ ನಿಂತು, ನಿನ್ನ ಮಗಳಿಗೂ ಅಳಿಯನಿಗೂ ನೆರೆಕರೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.