ಮಗಳ ಮೂರ್ಛೆಯ ಬೆನ್ನು ಹತ್ತಿದ ಮೇಷ್ಟ್ರು

ನಮ್ಮ ಭೌತಶಾಸ್ತ್ರದ ಮೇಷ್ಟ್ರ ಬಲಗೈ ತೋರುಬೆರಳಿನ ಮೇಲೆ ಹಲ್ಲು ಕಚ್ಚಿದ ಕಲೆಗಳಿದ್ದವು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿ ಆ ಗುಳಿಗಳಲ್ಲಿ ಕೂತು ಕಲೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಶಾಲೆಗೆ ಹೋಗುವ ಮಗಳಿಗೆ ಮೊದಲ ಸಲ ಮೂರ್ಛೆ ಬಂದಾಗ, ನಾಲಿಗೆ ಕಚ್ಚಿಕೊಂಡಾಳೆಂದು ಹೆದರಿ ಬಾಯಿಗೆ ಬೆರಳಿಟ್ಟಿದ್ದರಂತೆ. "ಹಂಗೆ ಇಡಬಾರ್ದಂತ ಆಮೇಲೆ ಡಾಕ್ಟ್ರು ಬೈದ್ರು," ಎಂದು ನಗುತ್ತಿದ್ದರು.

ದಾವಣಗೆರೆಯಲ್ಲಿ ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರುವ ಹೊತ್ತಿಗೆ ಆ ಮಗಳು ಹರಿಹರದ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿದ್ದಳು. ಮಾತ್ರೆಗಳಿಂದ ಮೂರ್ಛೆ ಕಡಿಮೆಯಾಗಿತ್ತು, ನಿಂತಿರಲಿಲ್ಲ. ತಾಯಿ ತೀರಿಕೊಂಡಿದ್ದರು. ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮೇಷ್ಟ್ರು ಮಲಗುತ್ತಿದ್ದರು.

ಒಂದಕ್ಕೊಂದು ಹೆಣೆದುಕೊಂಡ ನೂರಾರು ಸಣ್ಣ ಸಂಗತಿಗಳು ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಎಂಬುದು ಅವರ ವಿಷಯ. ಮೊದಲು ವಿದ್ಯುತ್ ಜಾಲಗಳ ಮೇಲೆ ಕೆಲಸ ಮಾಡಿ ಹೆಸರು ಗಳಿಸಿದ್ದರು. ಮಗಳ ಕಾಯಿಲೆ ಶುರುವಾದ ಮೇಲೆ ಅದನ್ನೆಲ್ಲ ಬಿಟ್ಟು ಮೆದುಳಿನ ನರಜಾಲಕ್ಕೆ ಬಂದರು. ನನ್ನನ್ನು ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದರು:

"ನೋಡವ್ವ, ಎಲ್ಲಾರೂ ಒಂದೇ ತಾಳ ಹಾಕಿದ್ರೆ ಒಳ್ಳೇದಂತ ತಿಳ್ಕಂಡೀವಿ. ಮೆದುಳಿನಾಗೆ ಹಂಗಲ್ಲ. ಒಂದೊಂದು ನರಕೋಶಕ್ಕೂ ಅದರದೇ ತಾಳ ಇರಬೇಕು. ಎಲ್ಲಾ ಒಂದೇ ತಾಳಕ್ಕೆ ಬಿದ್ವು ಅಂದ್ರೆ ಅದೇ ಮೂರ್ಛೆ. ಬೀಳೋಕಿಂತ ಮುಂಚೆ ಏನಾರ ಸುಳಿವು ಕೊಡ್ತಾವೇನು? ಅಷ್ಟು ಗೊತ್ತಾದ್ರೆ ಸಾಕು."

ಆ ಸುಳಿವಿಗಾಗಿ ಮಗಳು ತಲೆಗೆ ವೈರುಗಳನ್ನು ಅಂಟಿಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. "ಅಕ್ಕ, ನಿಮ್ ಥೀಸಿಸ್ ತುಂಬಾ ನನ್ ತಲೆನೇ ಐತೆ. ಡಾಕ್ಟರೇಟು ನಂಗೂ ಅರ್ಧ ಕೊಡ್ರಿ," ಎನ್ನುತ್ತಿದ್ದಳು.

ಮೂರನೇ ವರ್ಷ ನಮ್ಮ ಲೆಕ್ಕ ಹೊಂದತೊಡಗಿತು. ಅವಳಿಗೆ ಮೂರ್ಛೆ ಬರುವ ಮುಂಚೆಯೇ ಕಂಪ್ಯೂಟರು ಎಚ್ಚರಿಸುತ್ತಿತ್ತು. ನಾನು ಕುಣಿದಾಡಿದೆ. ಮೇಷ್ಟ್ರು ಮಾತ್ರ, "ಬೇರೆಯವ್ರ ಮೇಲೆ ನೋಡಬೇಕವ್ವ," ಎಂದರು. ಹಾಗೆನ್ನುತ್ತಲೇ ಅವಳ ಹಾಸಿಗೆಯ ಹತ್ತಿರ ಆ ವೈರುಗಳ ಯಂತ್ರವಿಟ್ಟು, ಸುಳಿವು ಸಿಕ್ಕರೆ ಹೊಡೆಯುವಂತೆ ಅದಕ್ಕೊಂದು ಬೆಲ್ ಜೋಡಿಸಿದರು.

ಬೆಲ್ ಕಂಡದ್ದೇ ಅವಳು ಹಟ ಹಿಡಿದಳು. ನಾನು ಅಲ್ಲೇ ಇದ್ದೆ.

"ಅಪ್ಪಾಜಿ, ಇನ್ಮೇಲೆ ನಿನ್ ರೂಮಿನಾಗೆ ಮಲಗು. ನೆಲದ ಮೇಲೆ ಮಲಗಿ ಮಲಗಿ ಸೊಂಟ ಹೋಗೈತೆ ನಿಂದು."

"ಇರ್ಲಿ ಬಿಡವ್ವ."

"ಯಾಕ, ನಿನ್ ಲೆಕ್ಕದ ಮೇಲೆ ನಿಂಗೇ ನಂಬಿಕೆ ಇಲ್ಲೇನು?"

ಮೇಷ್ಟ್ರು ಚಾಪೆ ಸುತ್ತಿ ತಮ್ಮ ರೂಮಿಗೆ ಒಯ್ದರು.

ಕೆಲವು ವಾರ ಎಲ್ಲ ಸರಿಯಿತ್ತು. ಒಂದು ಬೆಳಿಗ್ಗೆ ಮೇಷ್ಟ್ರು ಕಾಫಿ ಹಿಡಿದು ಹೋದಾಗ ಅವಳು ಬೋರಲಾಗಿ, ಮುಖವನ್ನು ದಿಂಬಿಗೆ ಒತ್ತಿಕೊಂಡು ಮಲಗಿದ್ದಳು. ಮೈ ತಣ್ಣಗಾಗಿತ್ತು. ಬೆಲ್ ಹೊಡೆದಿರಲೇ ಇಲ್ಲ. ಪಕ್ಕದಲ್ಲಿ ಜನ ಇದ್ದರೂ ಕೆಲವೊಮ್ಮೆ ಹೀಗಾಗುತ್ತದೆಂದು ಡಾಕ್ಟರು ಸಮಾಧಾನ ಹೇಳಿದರು. ಕೊಂಡಜ್ಜಿ ದಾರಿಯಲ್ಲಿದ್ದ ಅವರ ಹೊಲದಲ್ಲಿ ಮಣ್ಣು ಮಾಡುವಾಗ ಶಿಶುವಿಹಾರದ ಆಯಾ ಎದೆ ಬಡಿದುಕೊಂಡು ಅತ್ತಳು. ಮೇಷ್ಟ್ರ ಕಣ್ಣಲ್ಲಿ ನೀರಿರಲಿಲ್ಲ.

ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಬಂದರು. ಬೇರೆ ರೋಗಿಗಳ ದಾಖಲೆ ತರಿಸಿ ಅದೇ ಲೆಕ್ಕ ಓಡಿಸಲು ನನಗೆ ಹೇಳಿದರು. ಒಬ್ಬರಿಗೂ ಹೊಂದಲಿಲ್ಲ. ನನ್ನ ಪ್ರಬಂಧ ಪೂರ್ತಿ ಆ ಲೆಕ್ಕದ ಮೇಲೆ ನಿಂತಿತ್ತು.

"ಸರ್, ಒಬ್ಬರಿಗೆ ಹೊಂದಿತ್ತು ಅಂತಷ್ಟೇ ಬರೆದ್ರೆ ಆಗಲ್ವೇನ್ರಿ? ಅದೂ ಸುಳ್ಳಲ್ಲವಲ್ಲ," ಎಂದೆ.

ಮೇಷ್ಟ್ರು ಒಪ್ಪಲಿಲ್ಲ. "ಅವಳೊಬ್ಬಳಿಗೇ ಹೊಂದಿಸಿ ಹೊಂದಿಸಿ ಕಟ್ಟಿದ ಲೆಕ್ಕ ಇದು. ಕಡೆಗೆ ಅವಳಿಗೂ ಆಗ್ಲಿಲ್ಲ. ಸೋತೀವಿ ಅಂತ್ಲೇ ಬರಿ. ಎಲ್ಲಿ ಸೋತೀವಿ ಅಂತ ಬಿಡಿಸಿ ಬರಿ. ಇನ್ನೊಬ್ಬ ಅಪ್ಪ ಇದನ್ನ ನಂಬ್ಕಂಡು ಬೇರೆ ರೂಮಿನಾಗೆ ಮಲಗಬಾರ್ದು."

ಹಾಗೆಯೇ ಬರೆದೆವು. ಸೋತ ಕೆಲಸವನ್ನು ಅಚ್ಚು ಹಾಕಲು ದೊಡ್ಡ ಪತ್ರಿಕೆಗಳು ಒಪ್ಪಲಿಲ್ಲ. ಕಡೆಗೆ ಯಾರೂ ಹೆಚ್ಚು ಓದದ ಒಂದು ಪತ್ರಿಕೆ ಒಪ್ಪಿತು. ನನ್ನ ಪದವಿ ತಡವಾಯಿತು. ಮೇಷ್ಟ್ರು ಮತ್ತೆ ಯಾವ ವಿದ್ಯಾರ್ಥಿಯನ್ನೂ ತೆಗೆದುಕೊಳ್ಳಲಿಲ್ಲ. ನಿವೃತ್ತಿಯಾಗಿ ಎರಡು ವರ್ಷಕ್ಕೆ, ಜ್ವರವೆಂದು ಆಸ್ಪತ್ರೆಗೆ ಸೇರಿದವರು ಮನೆಗೆ ಬರಲಿಲ್ಲ.

ಅವರು ಹೋದ ಮೇಲೆ ದೂರದ ಊರಿನ ಸಂಶೋಧಕನೊಬ್ಬ ನನಗೆ ಫೋನ್ ಮಾಡಿದ್ದ. ಮಕ್ಕಳ ವಾರ್ಡಿನಲ್ಲಿ ಇಂಥದೇ ಬೆಲ್ ಇಡಲು ಹೊರಟಿದ್ದರಂತೆ. ನಮ್ಮ ಲೇಖನ ಓದಿ ಪರೀಕ್ಷಿಸಿದರೆ ಅವರ ಲೆಕ್ಕವೂ ಅಲ್ಲೇ ಮುರಿದುಬಿತ್ತಂತೆ. ಕೆಲಸ ನಿಲ್ಲಿಸಿದೆವು ಎಂದ. "ನಿಮ್ಮ ಸರ್‌ಗೆ ನಮಸ್ಕಾರ ತಿಳಿಸಿ," ಎಂದ.

ಅವರಿಲ್ಲ ಎಂದು ನಾನು ಹೇಳಲಿಲ್ಲ. ತಿಳಿಸುತ್ತೇನೆ ಎಂದೆ.