ಕುಲುಮೆಯ ಮೃತ್ಯುಂಜಯ ಬೆಂಕಿಬೆಟ್ಟಕ್ಕೆ ಹೋಗಿ ಬಂದದ್ದು

ಮೃತ್ಯುಂಜಯ ಅವರನ್ನು ನಾನು ಮೊದಲು ಕಂಡ ದಿನ ಅವರ ಒಂದು ಹಲ್ಲು ನನ್ನ ಹೊಲಿಗೆ ಮಿಷನ್ನಿನ ಮೇಲೆ ಬಿತ್ತು.

ಹೂಟಗಳ್ಳಿಯಲ್ಲಿ ಬೇವಿನ ಮರದ ಕೆಳಗೆ ನಾನು ಬ್ಯಾಗು ಹೊಲಿಯುತ್ತೇನೆ. ಸ್ಕೂಲ್ ಬ್ಯಾಗು, ಕಾರ್ಖಾನೆಯವರ ಊಟದ ಬ್ಯಾಗು, ಕಿತ್ತುಹೋದ ಜಿಪ್ಪು, ಹರಿದ ಪಟ್ಟಿ. ದೀಪಾವಳಿ ಕಳೆದ ನಾಲ್ಕನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತು, ಹಣೆಗೆ ವಿಭೂತಿ ಹಚ್ಚಿದ್ದ ನಲವತ್ತೈದರ ಸುಮಾರಿನ ಗಂಡಸೊಬ್ಬರು ಊಟದ ಬ್ಯಾಗು ಹಿಡಿದು ಬಂದು ನಿಂತರು. ನಾನು ಅದಕ್ಕೆ ಕೈ ಚಾಚುವಷ್ಟರಲ್ಲಿ ನಮ್ಮ ಬೀದಿಯ ಅಮರೇಶ ಹಿಂದಿನಿಂದ ಬಂದು ಹೆಲ್ಮೆಟ್ಟಿನಿಂದ ಅವರ ತಲೆಗೆ ಹೊಡೆದ.

"ಯಾಕೋ ಸೈನ್ ಹಾಕ್ದೆ? ನನ್ ತಮ್ಮ ಮಾಸ್ಕ್ ಹಾಕಿರ್ಲಿಲ್ಲ ಅಂತ ಯಾಕೋ ಬರ್ಕೊಟ್ಟೆ?"

ಎರಡನೆಯ ಏಟು ಬಾಯಿಗೆ ಬಿತ್ತು. ಹಲ್ಲು ಹೋದದ್ದು ಆಗ. ಮೂರನೆಯದಕ್ಕೆ ಮೊಣಕಾಲೂರಿ ಕುಸಿದರು. ಅಷ್ಟಾದರೂ ಅವರು ಕೈ ಎತ್ತಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನಾನು ಕುಡಿಯುವ ನೀರಿನ ಬಿಂದಿಗೆಯನ್ನೇ ಎತ್ತಿ ಅಮರೇಶನ ಮುಖಕ್ಕೆ ಸುರಿದೆ.

"ಥೂ, ನಿನ್ ಕೈ ಸೇದೋಗ! ಬೀದೀಲಿ ಕೊಲೆ ಮಾಡ್ತೀಯೇನೋ?"

"ಅಜ್ಜಿ, ಇವನ್ಯಾರು ಗೊತ್ತಾ ನಿಂಗೆ?"

"ಯಾವನಾದ್ರೂ ಆಗ್ಲಿ. ನಿಮ್ಮವ್ವ ತಿಂಗಳಿಂದ ಗೋಡೆಗೆ ಮುಖ ಮಾಡ್ಕೊಂಡು ಮಲಗವ್ಳೆ. ನೀನೂ ಜೈಲಿಗೆ ಹೋದ್ರೆ ಅವಳ ಬಾಯಿಗೆ ಗಂಜಿ ಬುಡೋರ್ಯಾರು?"

ಅಮರೇಶ ಹೆಲ್ಮೆಟ್ಟನ್ನು ನೆಲಕ್ಕೆ ಬಡಿದು ಹೋದ.

ಅವನ ತಮ್ಮ ಸುಪ್ರೀತ್, ಇಪ್ಪತ್ತಮೂರು ವರ್ಷದವನು, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಕಾರ್ಖಾನೆಯಲ್ಲಿದ್ದ. ವಿಜಯದಶಮಿಯ ಮಾರನೆಯ ದಿನ ಕುಲುಮೆ ಸಿಡಿದು ಸತ್ತ. ಹುಡುಗ ಮುಖಕ್ಕೆ ಮಾಸ್ಕ್ ಹಾಕಿರಲಿಲ್ಲ, ಅವನದೇ ತಪ್ಪು ಎಂದು ಕಾರ್ಖಾನೆಯವರು ಬರೆದುಕೊಂಡರು. ಅದಕ್ಕೆ ಸಾಕ್ಷಿ ಹಾಕಿದವರು ಆ ಕುಲುಮೆಯ ಮೇಸ್ತ್ರಿ, ಇದೇ ಮೃತ್ಯುಂಜಯ. ಸತ್ತ ಹುಡುಗನ ತಾಯಿ ಅಂಬುಜಮ್ಮನದು ನನ್ನ ಮನೆಯಿಂದ ಮೂರನೆಯ ಮನೆ. "ನಾನು ಹೆತ್ತವನು ಅಷ್ಟು ದಡ್ಡ ಅಲ್ಲ ಕಣೆ ಪುಟ್ಟತಾಯಿ" ಎಂದು ಕಂಡಾಗಲೆಲ್ಲ ಅನ್ನುತ್ತಿದ್ದಳು. ಬೇರೆ ಏನೂ ಅನ್ನುತ್ತಿರಲಿಲ್ಲ.

ಆಮೇಲೆ ಮೃತ್ಯುಂಜಯ ಹದಿನೈದು ದಿನಕ್ಕೊಮ್ಮೆಯಾದರೂ ಏನಾದರೂ ಹೊಲಿಸುವ ನೆಪದಲ್ಲಿ ಬರುತ್ತಿದ್ದರು. ನಂಜನಗೂಡಿನ ಕಡೆಯವರು. ಇಪ್ಪತ್ತಾರನೆಯ ವಯಸ್ಸಿಗೆ ಕುಲುಮೆಯ ಮುಂದೆ ನಿಂತವರು ಹತ್ತೊಂಬತ್ತು ವರ್ಷ ಅಲ್ಲೇ ನಿಂತಿದ್ದರು. ಎಡ ಮುಂಗೈಯಲ್ಲಿ ಕೂದಲೇ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. ಹೆಂಡತಿ ಗಿರಿಜಾಂಬಾ ಹೇಳುವ ಪ್ರಕಾರ ನಿದ್ದೆಯಲ್ಲಿ ಗೋಡೆ ಒದೆಯುತ್ತಿದ್ದರು; ಒಂದು ಸಲ ಕಾಲ್ಬೆರಳು ಮುರಿದುಕೊಂಡಿದ್ದರು.

ಏಪ್ರಿಲ್ ತಿಂಗಳಲ್ಲಿ ಒಂದು ದೊಡ್ಡ ಬೆನ್ನುಚೀಲ ತಂದಿಟ್ಟರು. ಯಾರೋ ಬಳಸಿ ಬಿಟ್ಟದ್ದು, ಭುಜದ ಪಟ್ಟಿ ಕಿತ್ತಿತ್ತು.

"ಏನ್ರೀ ಇದು? ಇದ್ರೊಳಗೆ ನೀವೇ ಕೂತ್ಕೋಬೋದಲ್ಲ."

"ಜಾವಾ ಅಂತ ಒಂದು ದ್ವೀಪ ಅದೆ ಅಮ್ಮ. ಬೆಂಕಿ ಉಗುಳೋ ಬೆಟ್ಟಗಳಿರೋ ಊರು. ಒಬ್ಬನೇ ಹೋಗಿ ನಡ್ಕೊಂಡು ಬರ್ತೀನಿ."

"ಮನೆಯವ್ರು ಏನಂದ್ರು?"

"ಊರವ್ರಿಗೆಲ್ಲ ಚಾಮುಂಡಿ ಬೆಟ್ಟ ಸಾಕು, ನಿಮಗೆ ಬೆಂಕಿ ಬೆಟ್ಟವೇ ಬೇಕಾ, ಅಂದ್ಳು."

"ಸರಿಯಾಗೇ ಅಂದವ್ರೆ."

ಪಟ್ಟಿ ಕೂರಿಸುತ್ತಾ ಇದ್ದೆ. ಅವರು ಸ್ಟೂಲಿನ ಮೇಲೆ ಕೂತು, ನಾನು ಕೇಳದೆಯೇ ಹೇಳತೊಡಗಿದರು.

ಆಯುಧಪೂಜೆಯ ದಿನ ಯಂತ್ರ ತೊಳೆದು, ಚೆಂಡುಹೂ ಕಟ್ಟಿ, ಬೂದುಗುಂಬಳಕ್ಕೆ ಕುಂಕುಮ ತುಂಬಿ ಕಾರ್ಖಾನೆಯ ಬಾಗಿಲ ಹೊರಗೆ ಒಡೆಯುತ್ತಾರೆ. ಆ ವರ್ಷ ಇಬ್ಬರಿಗೆ ಕೈ ಸುಟ್ಟಿತ್ತು. ಕುಲುಮೆಗೇ ದೃಷ್ಟಿಯಾಗಿದೆ ಎಂದು ಮೃತ್ಯುಂಜಯ ಕಾಯಿಯನ್ನು ಒಳಗೇ, ಕರಗಿಸಲು ಇಟ್ಟ ಗುಜರಿ ಕಬ್ಬಿಣದ ರಾಶಿಯ ಪಕ್ಕ ಒಡೆದರು. ಕಣ್ಣಿಗೆ ಕಂಡ ಚೂರನ್ನೆಲ್ಲ ತಾವೇ ಆರಿಸಿದರು. ಅಂಗೈಯಷ್ಟು ಅಗಲದ ಒಂದು ಚೂರು ಕಬ್ಬಿಣದ ಸಂದಿಗೆ ಜಾರಿ ಉಳಿದಿತ್ತು. ಬೂದುಗುಂಬಳ ಅಂದರೆ ನೀರೇ ತಾನೆ. ಕರಗಿದ ಕಬ್ಬಿಣದೊಳಕ್ಕೆ ಒಂದು ಲೋಟ ನೀರು ಹೋದರೂ ಬಾಂಬು ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವರು ಅವರೇ.

"ರಜ ಮುಗಿಸ್ಕೊಂಡು ಬಂದ ದಿನ ಸುಪ್ರೀತ ಗುಜರಿ ತಳ್ತಿದ್ದ. ನಾನು ಒಂಬತ್ತು ಅಡಿ ದೂರ. ಕಬ್ಬಿಣದ ಜೊತೆ ಬೆಳ್ಳಗೆ ಒಂದು ಜಾರ್ತಾ ಇರೋದು ಕಾಣ್ತು. ಕುಂಕುಮನೂ ಕಾಣ್ತು ಅಮ್ಮ. ಸುಪ್ರೀತಾ ಅನ್ನೋಕೆ ಎಷ್ಟು ಹೊತ್ತು? ಅನ್ಲಿಲ್ಲ. ಕಂಬದ ಹಿಂದಕ್ಕೆ ಓಡ್ಬುಟ್ಟೆ."

ಕುಲುಮೆ ಕಬ್ಬಿಣವನ್ನು ಸೂರಿನವರೆಗೆ ಎಸೆಯಿತು. ಅದು ಮಳೆಯ ಹಾಗೆ ವಾಪಸು ಸುರಿಯಿತು. ಸೂರಿನ ಶೀಟು ತೂತು ತೂತಾಯಿತು. ಸುಪ್ರೀತನ ಮಾಸ್ಕ್ ಕರಗಿ ಮುಖಕ್ಕೆ ಅಂಟಿಕೊಂಡಿತು. ಅಂಗಿ ಉರಿಯುತ್ತಿದ್ದಂತೆಯೇ ಅವನು ಹನ್ನೊಂದು ಹೆಜ್ಜೆ ನಡೆದ. ಮಾಸ್ಕಿನ ಒಳಗಿಂದ ಅಮ್ಮಾ ಎಂದು ಕೂಗಿದ. ಬಿದ್ದವನ ಮೇಲೆ ಮರಳು ಎರಚಿದರು. ಮಾಸ್ಕ್ ಬಿಡಿಸಲು ಹೋದವರ ಕೈಗೆ ಚರ್ಮವೂ ಬಂತು. ಅವನನ್ನು ಎತ್ತಿಕೊಂಡು ಹೋದ ಅರ್ಧ ಗಂಟೆಗೆ ಕಾರ್ಖಾನೆಯವರು ಒಂದು ಕಾಗದ ತಂದು, ಹುಡುಗ ಮಾಸ್ಕ್ ಹಾಕಿರಲಿಲ್ಲ, ಇಲ್ಲಿ ಸೈನ್ ಹಾಕಿ ಎಂದರು. ಇವರು ಹಾಕಿದರು.

ನಾನು ಮಿಷನ್ ನಿಲ್ಲಿಸಿದೆ. ಕೈಯಲ್ಲಿ ಕತ್ತರಿ ಇತ್ತು. ಅದನ್ನು ದೂರ ಇಟ್ಟೆ.

"ಹೋಗು. ಈ ಮಾತನ್ನ ಅಂಬುಜಮ್ಮನಿಗೆ ಹೇಳು, ನಡಿ" ಎಂದೆ. ಅಲ್ಲಿಯತನಕ ಅವರಿಗೆ ನೀವು ಅನ್ನುತ್ತಿದ್ದೆ.

"ಮೊದಲು ಒಂದು ತಿಳೀಬೇಕು ಅಮ್ಮ. ಪ್ರಾಣಭಯಕ್ಕೆ ಓಡ್ತಿರೋನಿಗೆ ಬಾಯಿ ಬರುತ್ತೋ ಇಲ್ವೋ. ಬರಲ್ಲ ಅನ್ನೋದಾದ್ರೆ ಕೂಗದೇ ಇದ್ದದ್ದು ನನ್ ಕೈಲಿ ಇರ್ಲಿಲ್ಲ. ಬರುತ್ತೆ ಅಂದ್ರೆ ಅವನನ್ನ ಕೊಂದಿದ್ದು ನಾನೇ. ಆವತ್ತಿಂದ ಇಲ್ಲಿ ಕುಲುಮೆ ಹತ್ರ ನನ್ನ ಬಿಡ್ತಿಲ್ಲ. ಅಲ್ಲಿ ಬೆಟ್ಟ ದಿನಾ ಸಿಡೀತದೆ."

"ತಪ್ಪಿಸ್ಕೊಳ್ಳೋಕೊಂದು ದಾರಿ ಬೇಕು ನಿನಗೆ. ಅದಕ್ಕೆ ಸಮುದ್ರ ದಾಟ್ತಿದ್ದೀಯ."

"ಅದೂ ಇರ್ಬೋದು."

ಪಟ್ಟಿಗೆ ನಾಲ್ಕು ಸಾಲು ಹೊಲಿಗೆ ಹಾಕಿ ಚೀಲವನ್ನು ಅವರ ಕಾಲ ಬಳಿಗೆ ಎಸೆದೆ. ಅಂಬುಜಮ್ಮನಿಗೆ ನಾನೇ ಹೋಗಿ ಹೇಳಿಬಿಡಲೇ ಎಂದು ಎರಡು ಸಲ ಅವಳ ಗೇಟಿನವರೆಗೂ ಹೋಗಿ ಬಂದೆ. ಕೊಂದವನ ಬಾಯಿಂದ ಬರಬೇಕಾದ ಮಾತು ಅದು. ಹೇಳಲಿಲ್ಲ.

ಮೇ ಎರಡನೆಯ ವಾರ ಹೋದವರು ಜೂನ್ ಏಳಕ್ಕೆ ಬಂದರು. ಎಡಗೈ ಕೊರಳಿಗೆ ಕಟ್ಟಿತ್ತು. ಕತ್ತಿನಿಂದ ಭುಜದವರೆಗೆ ಸುಟ್ಟು ಚರ್ಮ ಸುಲಿದು ಕೆಂಪಗಿತ್ತು. ಸ್ಟೂಲು ತೋರಿಸಿದೆ, ಕೂತರು.

ಅವಲಕ್ಕಿ, ಚಟ್ನಿಪುಡಿ, ಒಂದು ಡೇರೆ ಹೊತ್ತುಕೊಂಡು ಹದಿನೇಳು ದಿನ ನಡೆದರಂತೆ. ನೆಲವೆಲ್ಲ ಕರಿ ಮರಳು, ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತದೆ. ಕಲ್ಲು ಎಷ್ಟು ಚೂಪೆಂದರೆ ಎಡವಿ ಕೈ ಊರಿದಾಗ ಅಂಗೈ ಎರಡು ಕಡೆ ಸೀಳಿತು. ಮೊದಲ ಬೆಟ್ಟ ಬರೀ ಹೊಗೆಯಾಡಿತು. ಎರಡನೆಯದರ ಹೊಗೆ ಗಂಟಲಿಗೆ ಇಳಿದು, ಕೆಮ್ಮಿದರೆ ರಕ್ತ ಬಂತು. ಮೂರನೆಯ ಬೆಟ್ಟದ ಮಗ್ಗುಲಲ್ಲಿ, ಬೆಳಿಗ್ಗೆ ಏಳು ಗಂಟೆಗೆ, ಅವರ ಮುಂದೆ ಐವತ್ತು ಹೆಜ್ಜೆಯಲ್ಲಿ ಒಬ್ಬ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ. ಹೊರೆ ಕಣ್ಣಿಗೆ ಅಡ್ಡ ಬಂದು ಅವನಿಗೆ ಮೇಲಿನದು ಕಾಣುತ್ತಿರಲಿಲ್ಲ.

ನೆಲ ಒಂದು ಸಲ ಒದೆಯಿತು. ಬೆಟ್ಟದ ನೆತ್ತಿ ಒಡೆದು ಕೆಂಡದ ಕಲ್ಲುಗಳು ಮೇಲೆದ್ದವು. ಕುರಿಯಷ್ಟು ದಪ್ಪದ ಕಲ್ಲೊಂದು ಆರು ಗಜ ದೂರದಲ್ಲಿ ಬಿದ್ದು ಪೊದೆ ಉರಿಯಿತು.

"ಓಡ್ದೆ ಅಮ್ಮ. ಥೇಟ್ ಆವತ್ತಿನ ಹಾಗೇ ಕಾಲು ಓಡ್ತು."

"ಮತ್ತೆ?"

"ಓಡ್ತಾ ಓಡ್ತಾ ಕೂಗ್ದೆ. ಹೊರೆ ಬಿಸಾಕೋ, ಓಡೋ, ಮೇಲೆ ನೋಡೋ, ಅಂತ. ಕನ್ನಡದಲ್ಲೇ ಕೂಗ್ದೆ."

"ಅವನಿಗೇನು ತಿಳೀತು?"

"ಹೊರೆ ಎಸೆದು ಕೊರಕಲಿಗೆ ಹಾರ್ದ. ಅವನು ನಿಂತಿದ್ದ ಜಾಗಕ್ಕೆ ಕಲ್ಲು ಬಂದು ಹುಲ್ಲೆಲ್ಲ ಧಗ್ ಅಂತು."

ಇನ್ನೊಂದು ಕಲ್ಲು ಇವರ ಭುಜಕ್ಕೆ ಬಡಿದು ಮೂಳೆ ಮುರಿಯಿತು, ಅಂಗಿಗೆ ಬೆಂಕಿ ಹತ್ತಿತು. ಆ ಹುಲ್ಲಿನವನೇ ಕೊರಕಲಿನಿಂದ ಎದ್ದು ಬಂದು, ಮಣ್ಣು ಎರಚಿ ಬೆಂಕಿ ಆರಿಸಿ, ಕಾಲು ಹಿಡಿದು ಎಳೆದುಕೊಂಡು ಇಳಿದನಂತೆ. ಎಳೆಯುವಾಗ ಬೆನ್ನು ಸುಲಿಯಿತು.

"ಎರಡೂ ಆಗುತ್ತೆ ಅಮ್ಮ. ಓಡ್ತಾನೂ ಕೂಗ್ಬೋದು. ಉಸಿರು ಸಾಲುತ್ತೆ. ಆವತ್ತೂ ಸಾಲ್ತಿತ್ತು."

ಅಷ್ಟು ಹೇಳಿ ಆ ಗಂಡಸು ತಮ್ಮ ಬಲ ಮುಷ್ಟಿಯಿಂದ ತಮ್ಮದೇ ಮುರಿದ ಭುಜಕ್ಕೆ ಗುದ್ದಿಕೊಂಡರು. ಎರಡನೆಯ ಸಲ ಎತ್ತಿದ ಕೈಯನ್ನು ನಾನು ಹಿಡಿದೆ. ಹಿಡಿಯಲು ನನ್ನ ಎರಡು ಕೈಯೂ ಬೇಕಾಯಿತು.

"ಭುಜಕ್ಕೆ ಏಟು ಹಾಕಿದ್ರೆ ಅಂಬುಜಮ್ಮನಿಗೇನು ಬಂತು? ಏಳು. ಅಮರೇಶ ಇವತ್ತು ಮನೇಲೇ ಅವ್ನೆ. ಗೊತ್ತಾಯ್ತಾ?"

"ಗೊತ್ತು. ಬೀದಿ ತುದೀಲಿ ಬೈಕ್ ನೋಡ್ದೆ. ಅದಕ್ಕೇ ಇವತ್ತು ಬಂದೆ."

ಮಿಷನ್ನಿಗೆ ಗೋಣಿ ಹೊದಿಸಿ ಅವರ ಜೊತೆ ನಡೆದೆ. ಗೇಟಿನ ಹತ್ತಿರ ಹೋದಾಗ ಅಂಬುಜಮ್ಮ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾವು ಬಂದದ್ದು ಅವಳಿಗೆ ತಿಳಿಯಲಿಲ್ಲ. ಒಳಗೆ ಅಮರೇಶ ಫೋನಿನಲ್ಲಿ ಯಾರೊಡನೆಯೋ ನಗುತ್ತಿದ್ದ. ಮೃತ್ಯುಂಜಯ ಗೇಟಿನ ಚಿಲಕದ ಮೇಲೆ ಕೈ ಇಟ್ಟರು.

"ಒಂದು ಹೇಳ್ತೀನಿ ಕೇಳು. ಹೋದ ಚಳಿಗಾಲದಿಂದ ಅವಳಿಗೆ ಕಿವಿ ಮಂದ ಆಗದೆ. ಮೆಲ್ಲಗೆ ಹೇಳಿದ್ರೆ ಆಗೋದಿಲ್ಲ ಕಣಪ್ಪ. ಬೀದಿಗೆಲ್ಲ ಕೇಳಿಸ್ಬೇಕಾಯ್ತದೆ, ಒಳಗಿರೋ ಅಮರೇಶನಿಗೂ" ಎಂದೆ.

ಅವರು ಚಿಲಕ ತೆಗೆದರು. ಚಪ್ಪಲಿ ಗೇಟಿನ ಹೊರಗೇ ಬಿಟ್ಟರು. ಒಂದು ಹೆಜ್ಜೆ ಒಳಗಿಟ್ಟು ನನ್ನ ಕಡೆ ತಿರುಗಿ ಕೇಳಿದರು:

"ಯಾವ ಕಿವಿ ಸ್ವಲ್ಪ ಚೆನ್ನಾಗಿ ಕೇಳಿಸ್ತದೆ ಅಮ್ಮ ಅವ್ರಿಗೆ?"