ಅಕ್ಕನ ಗಂಡನ ಸ್ಟೀಲು, ನಮ್ಮನೆಯವರ ಕ್ರೋಮು

ನಮ್ಮನೆಯವರ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು. ಅಕ್ಕನ ಮನೆಗೆ ಹೋದಾಗಲೆಲ್ಲ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ, ಅವಳ ಸಿಂಕಿಗೆ, ಡಬ್ಬಿಗಳಿಗೆ ಅದನ್ನು ತಾಗಿಸಿ ನೋಡುತ್ತಿದ್ದರು. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲವಂತೆ. ಎಲ್ಲಾದರೂ ಅಂಟಿತೋ, ಆ ವಾರವೆಲ್ಲ ಮನುಷ್ಯ ಶಿಳ್ಳೆ ಹೊಡೆಯುತ್ತಾ ಓಡಾಡುತ್ತಿದ್ದರು.

ಕಾರಣ ನಮ್ಮ ಭಾವ. ಅವರದು ಸ್ಟೀಲಿನ ವರ್ಕ್‌ಶಾಪು. ನಮ್ಮದು ಕಬ್ಬಿಣದ ಸಾಮಾನನ್ನು ತೊಟ್ಟಿಯಲ್ಲಿ ಅದ್ದಿ ಕ್ರೋಮ್ ಲೇಪ ಹಾಕುವ ಸಣ್ಣ ಅಂಗಡಿ. ಒಮ್ಮೆ ಊಟಕ್ಕೆ ಕೂತಾಗ ಭಾವ ನಗುತ್ತಾ, "ನಿಮ್ದು ಬಿಡ್ರೀ, ಮೇಲೆ ಹೊಳಪು, ಒಳಗೆ ತುಕ್ಕು" ಅಂದುಬಿಟ್ಟರು. ಎಲ್ಲರೂ ನಕ್ಕರು. ಇವರೂ ನಕ್ಕರು, ಆದರೆ ಆ ಮಾತು ಇವರಿಗೆ ಎಷ್ಟು ದಿನವಾದರೂ ಜೀರ್ಣವಾಗಲಿಲ್ಲ.

ಪೇಟೆಯಂಚಿನ ಹಣ್ಣಿನ ರಸದ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಯಂತ್ರಗಳಿವೆ. ಅವುಗಳಲ್ಲಿ ಮೇಲೆ ಕೆಳಗೆ ಆಡುವ ಕಬ್ಬಿಣದ ರಾಡುಗಳಿಗೆ ಕ್ರೋಮ್ ಹಾಕಿಕೊಡುವುದೇ ನಮ್ಮ ಹೊಟ್ಟೆಪಾಡು. ಹುಳಿ ರಸ ತಾಗಿ ತಾಗಿ ಅವು ತುಕ್ಕು ಹಿಡಿಯತೊಡಗಿದಾಗ ಅಲ್ಲಿನ ಮ್ಯಾನೇಜರಮ್ಮ, "ಇನ್ಮೇಲೆ ಪೂರ್ತಿ ಸ್ಟೀಲಿಂದೇ ಹಾಕ್ಸೋಣ" ಎಂದರು. ಆ ರಾಡು ಮಾಡಿಕೊಡಲು ಒಪ್ಪಿಕೊಂಡವರು ಯಾರು? ನಮ್ಮ ಭಾವ! ಆ ಕೆಲಸ ಹೋದರೆ ನಾವು ಅಂಗಡಿಗೆ ಬೀಗ ಜಡಿಯಬೇಕಿತ್ತು.

ಇವರಿಗೆ ಅನ್ನ ಸೇರಲಿಲ್ಲ. ತಟ್ಟೆಯ ಮುಂದೆ ಕೂತು, "ನಿಮ್ಮ ಭಾವನ ರಾಡು ಮುರ್ದು ಬೀಳ್ಲಿ" ಎಂದು ಶಪಿಸಿದರು.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ಅದು ನಮ್ಮಕ್ಕನ ಮನೆ" ಎಂದು ನಾನು ರೇಗಿದೆ.

ರಾಡು ಮುರಿಯಲಿಲ್ಲ, ತುಕ್ಕೂ ಹಿಡಿಯಲಿಲ್ಲ. ಆದರೆ ಯಂತ್ರದ ಸ್ಟೀಲಿಗೆ ರಾಡಿನ ಸ್ಟೀಲು ಉಜ್ಜಿ, ಗೀರು ಬಿದ್ದು, ಯಂತ್ರ ಕಚ್ಚಿಕೊಂಡು ನಿಂತುಹೋಯಿತು. ಇವರು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಭಾವನೇ ರಾಡುಗಳನ್ನು ಹೊತ್ತು ನಮ್ಮ ಅಂಗಡಿಗೆ ಬಂದರು.

"ಇದ್ರ ಮೇಲೆ ನಿಮ್ಮ ಕ್ರೋಮ್ ಹಾಕಿ ಕೊಡಿ. ಅದು ಗಟ್ಟಿ, ಉಜ್ಜಿದ್ರೂ ಗೀರು ಬೀಳಲ್ಲ. ಒಳಗೆ ನಮ್ಮ ಸ್ಟೀಲಿದ್ರೆ ತುಕ್ಕಿನ ಮಾತೇ ಇಲ್ಲ" ಎಂದರು. ಮುಖ ಸಣ್ಣದಾಗಿತ್ತು. ನಿಜ ಹೇಳಬೇಕೆಂದರೆ, ನನಗೂ ಒಳಗೊಳಗೇ ಖುಷಿಯಾಯಿತು.

ಸ್ಟೀಲಿನ ಮೈಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ. ಮೊದಲು ಆಸಿಡ್‌ನಲ್ಲಿ ಅದ್ದಿ ಅದನ್ನು ತೆಗೆಯಬೇಕು. ಇಲ್ಲದಿದ್ದರೆ ಕ್ರೋಮ್ ಹಾಕಿದಾಗ ಚೆನ್ನಾಗಿಯೇ ಕಂಡು, ಆಮೇಲೆ ಸಿಪ್ಪೆಯ ಹಾಗೆ ಏಳುತ್ತದೆ. ಇವರು ರಾಡು ಹಿಡಿದು ಆಸಿಡ್ ತೊಟ್ಟಿಯ ಮುಂದೆ ನಿಂತುಬಿಟ್ಟರು.

"ಈ ಆಸಿಡ್ ಒಂದು ಬಿಟ್ರೆ ಸಾಕು ಕಣೇ. ಸ್ಟೀಲಿನ ಮೇಲೆ ಕ್ರೋಮ್ ನಿಲ್ಲಲ್ಲ ಅಂತ ಹೇಳಿಬಿಟ್ರೆ, ಮತ್ತೆ ನಮ್ಮ ಕಬ್ಬಿಣನೇ ಗತಿ ಅವ್ರಿಗೆ."

ನಾನು ಬೇಡ ಎನ್ನಲಿಲ್ಲ.

ಇವರೇ ಗೊಣಗಿದರು: "ಆದ್ರೆ ಏಳೋದು ನನ್ನ ಕ್ರೋಮು. ನೋಡಿ ನಗೋದು ಅವನು." ರಾಡನ್ನು ಆಸಿಡ್‌ಗೆ ಇಳಿಸಿದರು. ಅಷ್ಟು ನಿಗಾ ಇಟ್ಟು ಇವರು ಕೆಲಸ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಂತ್ರ ಓಡಿತು. ರಾಡುಗಳ ಕೆಲಸ ಇಬ್ಬರಿಗೂ ಕಾಯಂ ಆಯಿತು, ನಮ್ಮ ಅಂಗಡಿ ಉಳಿಯಿತು. ಆಮೇಲೆ ಅಕ್ಕನ ಮನೆಗೆ ಹೋದರೆ, ಅಂಥದೇ ಒಂದು ರಾಡು ಗಾಜಿನ ಬೀರುವಿನಲ್ಲಿ ಕೂತಿದೆ! ಅಕ್ಕ ಅದನ್ನು ತೆಗೆದು, ಬಟ್ಟೆಯಿಂದ ಒರೆಸುತ್ತಾ, "ನೋಡೇ, ಕನ್ನಡಿ ಇದ್ದ ಹಾಗಿದೆ. ಇವ್ರ ಸ್ಟೀಲು ಅಂದ್ರೆ ಸುಮ್ನೇನಾ?" ಎಂದಳು. ಭಾವ ಕಿಟಕಿಯ ಕಡೆ ತಿರುಗಿದರು. ಇವರು ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಅಕ್ಕಾ, ನೀನು ಒರೆಸ್ತಿರೋದು ನಮ್ಮ ಕ್ರೋಮು! ನಿಮ್ಮ ಸ್ಟೀಲು ಒಳಗೆಲ್ಲೋ ಇದೆ, ಯಾರಿಗೂ ಕಾಣಲ್ಲ."

ನನ್ನ ದನಿ ಪಕ್ಕದ ಮನೆಗೂ ಕೇಳಿಸಿರಬೇಕು. ಅಕ್ಕ ರಾಡನ್ನು ಮೆಲ್ಲಗೆ ಒಳಗಿಟ್ಟಳು.

ಮನೆಗೆ ಮರಳುವ ದಾರಿಯಲ್ಲಿ ಇವರು ಜೇಬಿಗೆ ಕೈಹಾಕಿ ಅಯಸ್ಕಾಂತ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇನ್ಮೇಲೆ ಇದನ್ನ ನೀನೇ ಇಟ್ಕೋ."